ಬಚ್ಚಲಾಧಿಕರಣ: ಒಂದು ಹಿತ್ತಲ ಮೀಮಾಂಸೆ

ಉದ್ಯಾನ ಕುರಿತ ಪಾಂಡಿತ್ಯವೆಲ್ಲ ದೊಡ್ಡವರಿಂದಲೇ ಶುರುವಾಗುತ್ತದೆ. ಹೈದರಾಲಿ 1760ರಲ್ಲಿ ಲಾಲ್‌ಬಾಗ್ ಆರಂಭಿಸಿದ; ಜರ್ಮನಿಯ ಕ್ರುಂಬಿಗಲ್ 1908ರಿಂದ ಅದರ ಉಸ್ತುವಾರಿ ನೋಡಿಕೊಂಡ. ಬಚ್ಚಲ ನೀರನ್ನು ಎತ್ತ ಬಿಡಬೇಕೆಂಬ ಪ್ರಶ್ನೆ ಇಬ್ಬರ ತಲೆಯನ್ನೂ ತಿಂದಂತಿಲ್ಲ. ಕಟ್ಟಾಯ ಹೋಬಳಿಯ ಒಂದು ಹಿತ್ತಲನ್ನು ಆಧರಿಸಿ ಈ ಕೊರತೆ ನೀಗುವುದೇ ಪ್ರಸ್ತುತ ಪ್ರಬಂಧದ ಘನೋದ್ದೇಶ. ಕ್ರಮ ಮೀಮಾಂಸಕರದ್ದು.

ವಿಷಯ: ಮನೆ ಹಿಂದೆ ಎಂಟು ಮೀಟರ್ ಅಗಲ, ಹತ್ತು ಮೀಟರ್ ಉದ್ದದ ಜಾಗ. ಅದರಲ್ಲೊಂದು ತೆಂಗು, ಒಂದು ತಿಪ್ಪೆ, ಲೆಕ್ಕಕ್ಕೆ ಸಿಗದ ಕೋಳಿಗಳು. ಸಂಶಯ: ಇದಕ್ಕೊಂದು ನಕ್ಷೆ ಬೇಕೆ?

ಬೇಕು ಎನ್ನುವ ಪೂರ್ವಪಕ್ಷಿ, ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಗ. ಟೇಪು ಹಿಡಿದು ಅಳೆದು 1:100ರ ಮೂಲನಕ್ಷೆ ಬರೆದ. ಅಂದರೆ ನೆಲದ ಒಂದು ಮೀಟರು ಹಾಳೆಯ ಮೇಲೆ ಒಂದು ಸೆಂಟಿಮೀಟರು. ಬಿಸಿಲು, ಗಾಳಿ, ಇಳಿಜಾರುಗಳನ್ನು ಬಾಣ ಹಾಕಿ ಗುರುತಿಸಿದ. ಆಮೇಲೆ ಪರಿಕಲ್ಪನೆ: ಕೂರುವ ಜಾಗಕ್ಕೊಂದು ಗುಳ್ಳೆ, ಹೂವಿಗೊಂದು, ಹುಲ್ಲುಹಾಸಿಗೆ ಎಲ್ಲಕ್ಕಿಂತ ದೊಡ್ಡದೊಂದು. ಇದಕ್ಕೆ ಬಬಲ್ ಡಯಾಗ್ರಾಮ್ ಎಂದು ಹೆಸರು. ಅಜ್ಜಿ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿತು.

"ಇದೇನ್ಲಾ ಮಗ, ಸಂಡಿಗೆ ಒಣಗಾಕಿದ್ದೀಯ?"

('ಹಪ್ಪಳ' ಎಂಬ ಪಾಠಾಂತರವೂ ಉಂಟು. ನಾನು ಒಪ್ಪುವುದಿಲ್ಲ, ಗುಳ್ಳೆಗಳು ಅಷ್ಟು ದುಂಡಗಿರಲಿಲ್ಲ.)

ಮೊಮ್ಮಗ ಎದೆಗುಂದಲಿಲ್ಲ. ಗುಳ್ಳೆಗಳನ್ನು ತಿದ್ದಿ ಕರಡು ನಕ್ಷೆ, ಕರಡನ್ನು ತಿದ್ದಿ ಅಂತಿಮ ನಕ್ಷೆ. ಜೊತೆಗೆ ಗಿಡಗಳ ಪಟ್ಟಿ, ಬಣ್ಣದ ಪೆನ್ಸಿಲ್ಲು. ಆಗ ಅಜ್ಜಿ ಮೂಲ ಆಕ್ಷೇಪವನ್ನು ಎತ್ತಿತು.

"ಎಲ್ಲಾ ಸರಿ ಕಣ್ಲಾ. ಬಚ್ಚಲ ನೀರ್ನ ಎತ್ತಾಗ್ ಬುಡ್ತೀಯ?"

ಇಲ್ಲಿ ಗಣಿತ ಅನಿವಾರ್ಯ. ಮನೆಯಲ್ಲಿ ಐದು ಜನ, ತಲೆಗೆ ಎರಡು ಬಕೆಟ್, ಬಕೆಟ್ಟಿಗೆ 15 ಲೀಟರ್: ದಿನಕ್ಕೆ 150 ಲೀಟರ್. ನಲವತ್ತು ಚದರ ಮೀಟರ್ ಹುಲ್ಲುಹಾಸು ಬೇಸಿಗೆಯಲ್ಲಿ ಮೀಟರಿಗೆ ಐದು ಲೀಟರಿನಂತೆ 200 ಲೀಟರ್ ಕುಡಿಯುತ್ತದೆ. ಉಳಿದ ಐವತ್ತಕ್ಕೆ ಯಾರೋ ಇಬ್ಬರು ಇನ್ನೊಂದು ಸಲ ಸ್ನಾನ ಮಾಡಬೇಕು. ಪಕ್ಕದ ಗೊರೂರಿನಲ್ಲೇ ಹೇಮಾವತಿ ನಿಂತಿದ್ದಾಳಲ್ಲ ಎನ್ನಬಹುದು. ನಿಂತಿದ್ದಾಳೆ, ಅಲ್ಲಿಂದ ಕಾಲುವೆ ಹಿಡಿದು ತುಮಕೂರಿನ ಕಡೆಗೂ ಹೋಗುತ್ತಾಳೆ, ಈ ಹಿತ್ತಲಿಗೆ ಮಾತ್ರ ಬರುವುದಿಲ್ಲ.

ಸಿದ್ಧಾಂತ: ಅಜ್ಜಿ ಗುದ್ದಲಿಯ ಮೂಲೆಯಿಂದ ಬಚ್ಚಲ ಬಾಯಿಂದ ಹಿಂದಿನ ಬೇಲಿಯವರೆಗೆ ಒಂದು ಗೆರೆ ಎಳೆಯಿತು. ಯಾರೋ ಮೀಯುತ್ತಿದ್ದರು, ಸೋಪಿನ ನೊರೆ ತೇಲಿಸಿಕೊಂಡು ನೀರು ಗೆರೆ ಹಿಡಿದೇ ಬಂತು. ಎಲ್ಲಿ ನಿಂತಿತೋ ಅಲ್ಲಿ ಮೂರು ಬಾಳೆಕಂದು, ದಾರಿಯುದ್ದಕ್ಕೂ ಕೆಸ. ತಿಪ್ಪೆ ಇದ್ದಲ್ಲೇ ಇತ್ತು. ಈ ನಕ್ಷೆಯ ಸ್ಕೇಲು 1:1.

ಸಂಜೆಯೊಳಗೆ ಕೋಳಿಗಳು ಅದಕ್ಕೆ ಮೂರು ಕಡೆ ತಿದ್ದುಪಡಿ ತಂದಿದ್ದವು.