ಹಾವಿಗೊಂದು ಹಾಸಿಗೆ

ಆದಿಶೇಷನ ಮೇಲೆ ಮಲಗಿದವನ ವಿಷಯವನ್ನು ಪುರಾಣಗಳು ಬೇಕಾದಷ್ಟು ಹೇಳಿವೆ. ಕೆಳಗಿದ್ದ ಆದಿಶೇಷ ಯಾತರ ಮೇಲೆ ಮಲಗಿದ್ದ ಎಂದು ಯಾರೂ ವಿಚಾರಿಸಿಲ್ಲ. ಹಗಲೂ ರಾತ್ರಿ ಹಾಲಿನಲ್ಲಿ ನೆನೆದ ಅವನ ಹೊಟ್ಟೆಯ ಚರ್ಮ ಏನಾಗಿರಬೇಕು ಎಂಬ ಚಿಂತೆ ನನಗೂ ಇರಲಿಲ್ಲ, ಶಿಕಾಗೋ ಹತ್ತಿರ ಇರುವ ನಮ್ಮಣ್ಣನ ಮಗ ಹಾವು ಸಾಕುವ ತನಕ.

ಅವನದು ಬಾಲ್ ಪೈಥಾನ್. ಪಶ್ಚಿಮ ಆಫ್ರಿಕದ ಘಾನಾ, ಟೋಗೊ, ಬೆನಿನ್ ಕಡೆಯ ಸಣ್ಣ ಹೆಬ್ಬಾವು. ಹೆದರಿದರೆ ತಲೆಯನ್ನು ಒಳಗಿಟ್ಟು ಚೆಂಡಾಗಿ ಸುತ್ತಿಕೊಳ್ಳುತ್ತದೆ. ಕಚ್ಚುವುದಕ್ಕಿಂತ ನಾಚುವುದೇ ಹೆಚ್ಚು. ಒಂದು ದಿನ ಫೋನಿನ ಪರದೆಯ ತುಂಬ ಆ ಚೆಂಡನ್ನೇ ಹಿಡಿದು ಕೇಳಿದ: “ಕಾಕಾ, ಇದರ ಪೊರಿ ತುಂಡು ತುಂಡಾಗಿ ಬರ್ಲತ್ತದ. ಗಾಜಿನ ಪೆಟ್ಟಿಗಿ ತಳಕ್ಕ ತೇವ ಹಿಡಿಯೋದು ಏನಾರ ಹಾಕ್ಬೇಕಂತ. ಏನ್ ಹಾಕ್ಲಿ ಹೇಳು.”

ಅಡುಗೆಮನೆಯಿಂದ ನಮ್ಮ ಮನೆಯವರ ದನಿ ಬಂತು. “ಹಿತ್ತಲದಾಗ ಕೇರಿ ಹಾವು ಬಂದ್ರ ಇವರು ಬಡಿಗಿ ಹುಡುಕ್ತಾರ. ಅಲ್ಲಿ ಅದಕ್ಕ ಗಾದಿ ಹೊಲಿಸ್ಲತ್ತಾರ!” ಈ ಮಾತಿಗೆ ನಾನು ಎದುರಾಡಲಿಲ್ಲ. ಕಲ್ಲಿನ ನಾಗರಕ್ಕೆ ಹಾಲು, ದಿಟದ ನಾಗರಕ್ಕೆ ಬಡಿಗೆ ಎನ್ನುವ ನಮ್ಮ ಇಬ್ಬಗೆಯನ್ನು ಪಕ್ಕದ ಕಲ್ಯಾಣದಲ್ಲಿದ್ದ ಬಸವಣ್ಣನವರು ಹನ್ನೆರಡನೇ ಶತಮಾನದಲ್ಲೇ ಎತ್ತಿ ಆಡಿದ್ದಾರೆ. ಅವರಿಗೇ ಉತ್ತರ ಕೊಡಲಾಗದ ಊರಿನವನು ಅಡುಗೆಮನೆಗೆ ಏನು ಕೊಟ್ಟಾನು?

ಅಣ್ಣನ ಮಗ ನನ್ನನ್ನೇ ಕೇಳಿದ್ದಕ್ಕೆ ಕಾರಣವಿದೆ. ಬೀದರ ಹತ್ತಿರದ ನಮ್ಮ ಜನವಾಡದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಅದರ ಮುಂದೆ ದಿನಾ ಓಡಾಡುವ ಕಾಕಾಗೆ ಮಣ್ಣು ಗೊಬ್ಬರವೆಲ್ಲ ಗೊತ್ತಿರಲೇಬೇಕು ಎಂಬುದು ಅವನ ನಂಬಿಕೆ. ಆ ಲೆಕ್ಕಕ್ಕೆ ಬೀದರಿನ ನಂದಿನಗರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಎದುರು ಚಹಾ ಕಾಸುವವರೆಲ್ಲ ಈ ಹೊತ್ತಿಗೆ ಡಾಕ್ಟರಾಗಬೇಕಿತ್ತು.

ಇರಲಿ. ಹಾವು ಪೊರೆ ಬಿಡುವ ಮೊದಲು ಅದರ ಕಣ್ಣು ಹಾಲು ಬೆರೆಸಿದ ನೀಲಿಯಾಗುತ್ತದೆ. ಹಳೆಯ ಚರ್ಮಕ್ಕೂ ಹೊಸ ಚರ್ಮಕ್ಕೂ ನಡುವೆ ದ್ರವ ಕೂಡಿಕೊಳ್ಳುವ ಹೊತ್ತು ಅದು. ಗಾಳಿಯಲ್ಲಿ ತೇವ ಸಾಕಷ್ಟಿದ್ದರೆ ತುಟಿಯ ಹತ್ತಿರ ಬಿಚ್ಚಿಕೊಂಡ ಪೊರೆ ಕಾಲುಚೀಲ ತಿರುವಿದ ಹಾಗೆ ಬಾಲದ ತುದಿಯ ತನಕ ಒಂದೇ ತುಂಡಾಗಿ ಬರುತ್ತದೆ. ಇಲ್ಲದಿದ್ದರೆ ಹರಿದು ಹರಿದು ಬರುತ್ತದೆ, ಕಣ್ಣಿನ ಮೇಲಿನ ಪಾರದರ್ಶಕ ಪೊರೆ ಅಲ್ಲೇ ಉಳಿದುಬಿಡುತ್ತದೆ. ಈ ಜಾತಿಗೆ ನೂರಕ್ಕೆ 55–60ರಷ್ಟು ತೇವಾಂಶ ಬೇಕು, ಪೊರೆ ಬಿಡುವಾಗ 70 ಇದ್ದರೂ ಒಳ್ಳೆಯದು. ಹೊರಗೆ ಹಿಮ, ಒಳಗೆ ಹೀಟರು ಇರುವ ಮನೆಯಲ್ಲಿ ಮನುಷ್ಯರ ತುಟಿಯೇ ಒಡೆಯುತ್ತದೆ, ಹಾವಿನ ಪಾಡೇನು!

ನಾನು ನಮ್ಮೂರಿನ ಸರಕನ್ನೆಲ್ಲ ಮನಸ್ಸಿನಲ್ಲೇ ಹರವಿ ಹಾವಿನ ಕಡೆಯಿಂದ ನೋಡುತ್ತ ಹೋದೆ. ತೊಗರಿ ಹೊಟ್ಟು? ಎಮ್ಮೆಗೆ ಅದು ಹಬ್ಬ, ಹಾವಿಗೆ ಬರೀ ಧೂಳು ಮತ್ತು ಚುಚ್ಚು. ಕಬ್ಬಿನ ಸಿಪ್ಪೆ ನೀರನ್ನು ಹಿಡಿಯುತ್ತದೆ ನಿಜ, ಆದರೆ ಉಳಿದ ಸಕ್ಕರೆಗೆ ಹುಳಿ ಬಂದು ಬೂಸಲು ಏಳುತ್ತದೆ. ಕರಿ ಭೂಮಿಯ ಎರೆಮಣ್ಣಿನಷ್ಟು ನೀರು ಕುಡಿಯುವ ಮಣ್ಣು ಇನ್ನೊಂದಿಲ್ಲ. ಹಸಿಯಿದ್ದಾಗ ಹಾವಿಗೆ ಮೆತ್ತಿಕೊಳ್ಳುತ್ತದೆ, ಒಣಗಿದಾಗ ಮೇ ತಿಂಗಳ ಹೊಲದಂತೆ ಬಿರುಕು ಬಿಡುತ್ತದೆ. ಬಡಗಿಯ ಹತ್ತಿರದ ಮರದ ಪುಡಿಯಲ್ಲಿ ಯಾವ ಮರ ಸೇರಿದೆಯೋ ದೇವರಿಗೇ ಗೊತ್ತು. ದೇವದಾರಿನ ಜಾತಿಯದಾದರೆ ಅದರ ಎಣ್ಣೆ ಹಾವಿನ ಉಸಿರಿಗೆ ವಿಷ. ಅಮೆರಿಕದವರು ಬಳಸುವ ಆಸ್ಪೆನ್ ಮರದ ಹೆರೆ ಒಣ ಪೆಟ್ಟಿಗೆಗೆ ಲಾಯಕ್ಕು, ನೆನೆದರೆ ಅದಕ್ಕೂ ಬೂಸಲು.

ಕೊನೆಗೆ ಉಳಿದದ್ದು ತೆಂಗಿನ ನಾರಿನ ಪುಡಿ, ನಮ್ಮ ನರ್ಸರಿಯವರ ಬಾಯಲ್ಲಿ ಕೋಕೋಪಿಟ್. ನಾರು ಬಿಡಿಸಿದ ಮೇಲೆ ಉಳಿಯುವ ಈ ಪುಡಿ ಒಂದು ಕಾಲದಲ್ಲಿ ಕಾರ್ಖಾನೆಗಳ ಹಿಂದೆ ಗುಡ್ಡೆಗುಡ್ಡೆಯಾಗಿ ಬಿದ್ದಿರುತ್ತಿದ್ದ ಕಸ. ಈಗ ಪೊಳ್ಳಾಚಿ ಕಡೆಯಿಂದ ಒತ್ತಿದ ಇಟ್ಟಿಗೆಯಾಗಿ ಹಡಗು ಹತ್ತುತ್ತದೆ. ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿಯುತ್ತದೆ. 650 ಗ್ರಾಮಿನ ಒಂದು ಇಟ್ಟಿಗೆ ನೀರಲ್ಲಿ ಅರಳಿದರೆ ಬಕೆಟ್ಟಿನ ಅರ್ಧಕ್ಕೆ ಬರುತ್ತದೆ. ಉಪ್ಪುನೀರಲ್ಲಿ ನೆನೆಸಿದ ಸಿಪ್ಪೆಯದಾದರೆ ಮಾತ್ರ ತೊಳೆದು ಹಾಕಬೇಕು. ನಮ್ಮ ಬೀದರ ಜಿಲ್ಲೆಯಲ್ಲಿ ತೆಂಗು ಬೆಳೆಯುವುದಕ್ಕಿಂತ ಗುಡಿ ಮುಂದೆ ಒಡೆಯುವುದೇ ಹೆಚ್ಚಾದ್ದರಿಂದ ಇದರಲ್ಲಿ ಹೆಮ್ಮೆ ಪಡುವಂಥದ್ದು ನನಗೇನೂ ಕಾಣಲಿಲ್ಲ.

ಹಾಗೆ ನೋಡಿದರೆ ಹಾವು ತನ್ನ ಹಾಸಿಗೆಯನ್ನು ಯಾವತ್ತೋ ಆರಿಸಿಕೊಂಡಿದೆ. ಗೆದ್ದಲು ಎಂಜಲು ಬೆರೆಸಿ ಕಟ್ಟಿದ ಹುತ್ತದೊಳಗೆ ಬೇಸಿಗೆಯಲ್ಲೂ ತಂಪು, ತೇವ. ನಮ್ಮ ನಾಗರಹಾವು ಇಲ್ಲಿ ಹುತ್ತ ಹೊಕ್ಕರೆ ಬಾಲ್ ಪೈಥಾನ್ ಆಫ್ರಿಕದಲ್ಲಿ ಹುತ್ತವನ್ನೂ ಇಲಿಬಿಲವನ್ನೂ ಹುಡುಕಿಕೊಂಡು ಹೋಗುತ್ತದೆ. ಪಂಚಮಿಯ ದಿನ ಅಂಥ ಹುತ್ತಕ್ಕೆ ನಾವು ಚೊಂಬುಗಟ್ಟಲೆ ಹಾಲು ಸುರಿಯುತ್ತೇವೆ. ಹಾವು ಹಾಲು ಕುಡಿಯುವುದಿಲ್ಲ, ಹಾಸಿಗೆಯೂ ಕೆಡುತ್ತದೆ. ಉಂಡಿಯನ್ನಾದರೂ ನಾವೇ ತಿನ್ನುತ್ತೇವಲ್ಲ, ಅಷ್ಟು ಪುಣ್ಯ. ತಾನೇ ಗೂಡು ಮಾಡಿಕೊಳ್ಳುವ ಹಾವೆಂದರೆ ಕಾಳಿಂಗ. ಹೆಣ್ಣು ಕಾಳಿಂಗ ಮೈಯಿಂದಲೇ ತರಗೆಲೆ ಬಳಿದು ರಾಶಿ ಹಾಕಿ ಅದರೊಳಗೆ ಮೊಟ್ಟೆ ಇಡುತ್ತದೆ. ಮೇಲೆ ಆಗುಂಬೆಯ ಮಳೆ ಹೊಡೆಯುತ್ತಿದ್ದರೂ ಮೊಟ್ಟೆ ನೆನೆಯದು. ಹಾವಿಗೆ ಮನುಷ್ಯರು ತಂಪು ಜಾಗ ಕೊಡುವುದೂ ಉಂಟು: ಚೆನ್ನೈ ಬಳಿ 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡ ಇರುಳ ಬುಡಕಟ್ಟಿನವರು ವಿಷ ತೆಗೆಯಲು ಹಿಡಿದ ಹಾವನ್ನು ಬಾಯಿಗೆ ಬಟ್ಟೆ ಕಟ್ಟಿದ ಮಣ್ಣಿನ ಗಡಿಗೆಯಲ್ಲಿ ಇಡುತ್ತಾರೆ, ಕೆಲವು ವಾರ ಕಳೆದು ಕಾಡಿಗೆ ಬಿಡುತ್ತಾರೆ. ಬೇಸಿಗೆಯಲ್ಲಿ ಗಡಿಗೆಯ ಗುಣ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಸರಕು ಗೊತ್ತಾದರೆ ಸಾಲದು, ಹಾಕುವ ಬಗೆ ಇದೆ. ಅದನ್ನು ಕಲಿಯಲು ಬೀದರಿಗಿಂತ ಬೇರೆ ಊರು ಬೇಡ. ಈ ನಗರ ನಿಂತಿರುವುದು ಕೆಂಪು ಮುರಕಲ್ಲಿನ ಮೇಲೆ. ತೂತು ತೂತಾದ ಆ ಕಲ್ಲು ಮಳೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅಡಿಯಲ್ಲಿರುವ ಜೇಡಿ, ಕರಿಕಲ್ಲು ನೀರನ್ನು ಕೆಳಗೆ ಬಿಡುವುದಿಲ್ಲ. ತಡೆದ ನೀರು ಪಕ್ಕಕ್ಕೆ ಸರಿದು ಗುರುನಾನಕ ಝೀರಾ ಆಯಿತು, ಪಾಪನಾಶ ಆಯಿತು, ಎದೆಮಟ್ಟ ನೀರಲ್ಲಿ ನಡೆದು ದರ್ಶನ ಮಾಡುವ ನರಸಿಂಹ ಝರಣಿ ಆಯಿತು. ಬಹಮನಿ ಕಾಲದವರು ನೌಬಾದಿನಲ್ಲಿ ಸುರಂಗ ಬಾವಿ ಕೊರೆದದ್ದೂ ಈ ಗುಟ್ಟನ್ನು ಅರಿತೇ. ಮೇಲೆ ನಡೆಯುವವರ ಚಪ್ಪಲಿಗೆ ಧೂಳು, ಕೆಳಗೆ ಹರಿಯುವ ನೀರು.

ಹಾವಿನ ಪೆಟ್ಟಿಗೆಗೂ ಇದೇ ಬೇಕು. ಮೇಲೆ ಒದ್ದೆಯಾದರೆ ಹೊಟ್ಟೆಯ ಚರ್ಮ ಕೊಳೆಯುತ್ತದೆ. “ತಮ್ಮಾ, ಕೋಕೋಪಿಟ್ ಮೂರಿಂಚು ದಪ್ಪ ಹಾಕು,” ಅಂದೆ. “ಮುಷ್ಟಿಯಾಗ ಹಿಂಡಿದ್ರ ಉಂಡಿ ಆಗ್ಬೇಕು, ನೀರು ಸುರೀಬಾರ್ದು. ಮ್ಯಾಲ ಚಿಮುಕಿಸಬ್ಯಾಡ. ನೀರು ಮೂಲ್ಯಾಗ ಹಾಕು, ತಳಕ್ಕ ಇಳೀಲಿ. ಮ್ಯಾಲ ಒಣ ಎಲಿ ಹರವು. ಜಾಳಗಿ ಮುಚ್ಚಳ ಮುಕ್ಕಾಲು ಮುಚ್ಚು, ಇಲ್ಲಂದ್ರ ಎಷ್ಟು ಹಾಕಿದ್ರೂ ಗಾಳಿಗಿ ಹೋಗ್ತದ.”

“ಅಂದ್ರ ಬೀದರ ಮಾಡು ಅಂತಿ,” ಅಂದ ಹುಡುಗ. ಜಾಣ ಇದ್ದಾನೆ.

ಈ ಸಂಭಾಷಣೆ ಕೇಳಿಸಿಕೊಂಡ ಪಕ್ಕದ ಮನೆಯ ಪೋರನೊಬ್ಬ ತಾನೂ ಒಂದು ಹಾವು ಸಾಕುವೆನೆಂದು ಹೊರಟಿದ್ದಾನೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಾಗರ, ಕೇರೆ, ಹೆಬ್ಬಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನಿನಂಥ ಹೊರದೇಶದ ಹಾವಾದರೆ 2024ರ ನಿಯಮದಂತೆ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕದ್ದು ತರುವವರ ಕಥೆ ಬೇರೆ: 2024ರ ಏಪ್ರಿಲಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರಿಗೆ ಬಂದ ಪ್ರಯಾಣಿಕನೊಬ್ಬನ ಚೀಲದಲ್ಲಿ 10 ಹಳದಿ ಅನಕೊಂಡ ಸಿಕ್ಕವು. ಆದ್ದರಿಂದ ಹಿತ್ತಲಲ್ಲಿ ಹುತ್ತವಿದ್ದರೆ ಅಗೆಯಬೇಡಿ, ಹಾಲನ್ನೂ ಸುರಿಯಬೇಡಿ. ಹಾಸಿಗೆಯ ವ್ಯವಸ್ಥೆ ಅಲ್ಲಿ ಆಗಲೇ ಆಗಿದೆ.