ಬಾವನ ಮನೆಯ ಮೂರು ರೂಟರು

ಅಂತರಸಂತೆಯ ನಮ್ಮ ಬಾವನ ಮನೆಯಲ್ಲಿ ರೂಟರುಗಳೇ ಮೂರು. ಫೈಬರ್ ಬರುವ ಹಜಾರದಲ್ಲಿ ಒಂದು, ಬೀದಿ ಕಡೆಯ ಫೋಟೊ ಸ್ಟುಡಿಯೋದಲ್ಲಿ ಒಂದು, ಮಹಡಿಯಲ್ಲಿ ಓದುವ ಮಗಳಿಗೆಂದು ಇನ್ನೊಂದು. ಇಷ್ಟಿದ್ದೂ ಸ್ಟುಡಿಯೋದಿಂದ ಮದುವೆ ಆಲ್ಬಮ್ಮು ಮೈಸೂರಿನ ಲ್ಯಾಬಿಗೆ ಹೊರಟಿತೆಂದರೆ, ಮಹಡಿಯ ಆನ್‌ಲೈನ್ ಕ್ಲಾಸಿನ ಮೇಷ್ಟ್ರು ಬಾಯಿ ತೆರೆದವರು ತೆರೆದ ಹಾಗೇ ನಿಂತುಬಿಡುತ್ತಾರೆ.

ಬಾವ ಕೈಕಟ್ಟಿ ಕೂರುವ ಆಸಾಮಿಯಲ್ಲ. ಟ್ರಾಫಿಕ್ ಶೇಪಿಂಗ್ ಎಂಬುದೊಂದಿದೆ ಎಂದು ಯಾರೋ ಕಿವಿಗೆ ಹಾಕಿದ್ದೇ ತಡ, ಮೂರಕ್ಕೂ ಒಂದೊಂದು ಮಿತಿ ಬಿಗಿದರು. "ಈಗ ಹೆಂಗೈತೆ?" ಅಂದರೆ, "ಮೊದಲು ಮೇಷ್ಟ್ರು ನಿಲ್ತಿದ್ರು, ಈಗ ಇಡೀ ಕ್ಲಾಸೇ ನಿಂತೈತೆ ಕಣಪ್ಪ" ಅಂದಳು ಮಗಳು.

ಬಾವಲಿ ಚೆಕ್‌ಪೋಸ್ಟಿನಲ್ಲಿ ಸಂಜೆ ಗೇಟು ಬಿದ್ದು ಲಾರಿಗಳು ಸಾಲು ನಿಂತಿದ್ದರೆ, ಹ್ಯಾಂಡ್‌ಪೋಸ್ಟಿನಲ್ಲಿ ಪೀಪಿ ಊದಿ ಏನು ಬಂತು ಬಾವ? ಮನೆಯೊಳಗಿನ ಕೇಬಲ್ಲಿನಲ್ಲಿ ಗಿಗಾಬಿಟ್ ಓಡುತ್ತದೆ, ಅಲ್ಲಿ ಯಾರೂ ಕಾಯುವುದಿಲ್ಲ. ಹೊರಗೆ ಹೋಗುವ ದಾರಿ ಮಾತ್ರ 20 ಎಂಬಿಪಿಎಸ್. ಸಾಲು ಕಟ್ಟುವುದು ಅಲ್ಲಿ, ಕಂಪನಿಯವರು ಗೋಡೆಗೆ ಹೊಡೆದ ಫೈಬರ್ ಡಬ್ಬಿಯಲ್ಲಿ. ಡಬ್ಬಿಗೆ ಏನನ್ನೂ ಬಿಸಾಡಲು ಮನಸ್ಸು ಬಾರದು. ಬಂದ ಪ್ಯಾಕೆಟ್ಟನ್ನೆಲ್ಲ ಪೇರಿಸಿಡುತ್ತದೆ. ಒಂದೂ ಕಳೆಯದಿರುವುದರಿಂದ ಆಲ್ಬಮ್ ಕಳಿಸುವ ಕಂಪ್ಯೂಟರಿಗೆ ದಾರಿ ತುಂಬಿದ ಸುದ್ದಿ ತಡವಾಗಿ ಮುಟ್ಟುತ್ತದೆ, ಅದು ನುಗ್ಗುತ್ತಲೇ ಇರುತ್ತದೆ. ಮಗಳ ಪುಟಾಣಿ ಪ್ಯಾಕೆಟ್ಟು ರಾಶಿಯ ಹಿಂದೆ! ಜಿಮ್ ಗೆಟ್ಟಿಸ್ ಎಂಬಾತ ಈ ರೋಗಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟ.

ಮದ್ದು ಒಂದೇ ಕಡೆ ಹಾಕಬೇಕು. ಹಜಾರದ ರೂಟರು ಹೊರಕ್ಕೆ ಕಳಿಸುವ ಬಾಗಿಲಲ್ಲಿ 19ಕ್ಕೆ ಕಟ್ಟಿದರೆ ಸಾಲು ಡಬ್ಬಿಯಿಂದ ನಮ್ಮ ರೂಟರಿಗೆ ಬರುತ್ತದೆ. ಆಮೇಲೆ ಯಾರು ಮೊದಲು, ಯಾರನ್ನು ಬಿಡಬೇಕು ಎಂಬುದನ್ನು ಎಫ್‌ಕ್ಯೂ-ಕೋಡೆಲ್ ಎಂಬ ಸಾಲು ನಿಭಾಯಿಸುವ ವಿಧಾನ ನೋಡಿಕೊಳ್ಳುತ್ತದೆ. ಅದರ ಮೂಲ ಕೋಡೆಲ್ಲನ್ನು 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್, ವ್ಯಾನ್ ಜೇಕಬ್ಸನ್ ಹೊರತಂದರು. ಡೌನ್‌ಲೋಡಿನ ಸಾಲು ಕಂಪನಿಯ ಕಡೆ ಇರುತ್ತದೆ, ನಮ್ಮ ಕೈಗೆ ಸಿಗದು. ಅದೇ ರೂಟರಿನ ಒಳಬಾಗಿಲಲ್ಲಿ ಇನ್ನೂ ಸ್ವಲ್ಪ ಬಿಗಿ ಹಿಡಿದು, ಕಳಿಸುವವರು ನಿಧಾನಿಸುವಂತೆ ಮಾಡಬೇಕು. ಅಷ್ಟು ಕರಾರುವಾಕ್ಕಲ್ಲ, ಆದರೆ ನಡೆಯುತ್ತದೆ.

ಉಳಿದೆರಡು ರೂಟರುಗಳದು ಬೇರೆ ಕಿತಾಪತಿ. ಎರಡೂ ನ್ಯಾಟ್ ಮಾಡುತ್ತ ತಮ್ಮ ಹಿಂದಿನ ಫೋನು, ಕಂಪ್ಯೂಟರುಗಳನ್ನೆಲ್ಲ ಒಂದೇ ವಿಳಾಸದಲ್ಲಿ ಮುಚ್ಚಿಡುತ್ತವೆ. ಹಜಾರದವನು ತಲೆಗಿಷ್ಟು ಎಂದು ಹಂಚಲು ಹೊರಟರೆ ಸ್ಟುಡಿಯೋದಲ್ಲಿ ಕಾಣುವುದು ಒಂದೇ ತಲೆ! ಅವನ್ನು ನ್ಯಾಟ್ ಮಾಡದ ಬರೀ ಆಕ್ಸೆಸ್ ಪಾಯಿಂಟ್ ಮಾಡಿ ಎಂದರೆ ಬಾವನಿಗೆ ಸಂಕಟ: "ಆರು ಆಂಟೆನಾ ಐತೆ ಕಣ್ಲಾ ಅದ್ರಲ್ಲಿ!" ಇರಲಿ, ಆಂಟೆನಾ ಯಾರೂ ಕಿತ್ತುಕೊಳ್ಳುವುದಿಲ್ಲ. ಮಹಡಿಗೆ ಮಾತ್ರ ಕೇಬಲ್ ಎಳೆಸಿ. ದಪ್ಪ ಗೋಡೆ ದಾಟಿಸಿ ವೈಫೈಯಲ್ಲೇ ಕೊಟ್ಟರೆ ಇಕ್ಕಟ್ಟು ಅಲ್ಲೇ ಹುಟ್ಟುತ್ತದೆ. ಗಳಿಗೆಗೊಂದು ವೇಗ, ಹಜಾರದ ಮಿತಿ ಅದಕ್ಕೆ ನಾಟುವುದಿಲ್ಲ.

ಎಲ್ಲ ಒಪ್ಪಿದ ಮೇಲೂ ಬಾವನದು ಒಂದು ತಕರಾರು. "ಇಪ್ಪತ್ತಕ್ಕೆ ದುಡ್ಡು ಕಟ್ಟಿವ್ನಿ, ಹತ್ತೊಂಬತ್ತಕ್ಕೆ ಇಡು ಅಂತೀಯ. ಉಳಿದ ಒಂದು ಯಾರಪ್ಪನ ಮನೆಗೆ?" ಅದನ್ನು ತಿಂಗಳ ಬಿಲ್ಲಿನಲ್ಲಿ ಮುರಿದುಕೊಳ್ಳುವಂತೆ ಕಂಪನಿಗೆ ಅರ್ಜಿ ಬರೆಯುತ್ತಿದ್ದಾರೆ.