ಪರದೆಯ ಎಡಪಂಥೀಯರು

ಕಡೂರು, ತರೀಕೆರೆ, ಅಜ್ಜಂಪುರದ ಡಿಟಿಪಿ ಅಂಗಡಿಗಳಲ್ಲಿ ಒಂದು ಪಂಗಡವಿದೆ. ಓಟು ಯಾರಿಗೆ ಹಾಕುತ್ತಾರೋ, ಕಂಪ್ಯೂಟರ್ ಪರದೆಯ ಮೇಲೆ ಮಾತ್ರ ಕಟ್ಟಾ ಎಡಪಂಥೀಯರು. ಐಕಾನ್‌ಗಳು ಸಾಲಾಗಿ ಕೂರುವ ಪಟ್ಟಿ, ಅಂದರೆ ಟಾಸ್ಕ್‌ಬಾರ್, ಎಡ ಅಂಚಿನಲ್ಲೇ ನಿಲ್ಲಬೇಕು. ಇದನ್ನು ಬರೆಯುತ್ತಿರುವವನೂ ಅದೇ ಪಂಗಡದವನಿರಬೇಕು ಎಂಬ ಗುಮಾನಿ ಓದುಗರಿಗೆ ಬಂದರೆ, ಬರಲಿ.

ಹಟಕ್ಕೆ ಕಾರಣವಿದೆ. ಪರದೆ ಅಗಲ, ಅರ್ಜಿ ಉದ್ದ. ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಎತ್ತರ. 1366×768ರ ಹಳೇ ಪರದೆಯಲ್ಲಿ ಅಕ್ಕಪಕ್ಕ ಜಾಗ ದಂಡಿಯಾಗಿ ಬಿದ್ದಿರುತ್ತದೆ, ಎತ್ತರಕ್ಕೇ ಬರ. ವಿಂಡೋಸ್ 11ರ ಟಾಸ್ಕ್‌ಬಾರ್ 48 ಪಿಕ್ಸೆಲ್ ದಪ್ಪ. ಎತ್ತರದಲ್ಲಿ ಹದಿನಾರನೇ ಒಂದು ಪಾಲು ಅದಕ್ಕೇ ಕಂದಾಯ! ಇಂಗ್ಲಿಷಾದರೆ ಹೇಗೋ ಸುಧಾರಿಸಬಹುದು. ಕನ್ನಡದ ಒತ್ತಕ್ಷರಗಳಿಗೆ ಸಾಲಿನ ಕೆಳಗೂ ಕಾಲು ಚಾಚಲು ಸ್ಥಳ ಬೇಕು.

1995ರ ವಿಂಡೋಸ್ 95ರಿಂದ ವಿಂಡೋಸ್ 10ರವರೆಗೂ ಈ ಪಟ್ಟಿಯನ್ನು ನಾಲ್ಕು ಅಂಚುಗಳಲ್ಲಿ ಎಲ್ಲಿಗೆ ಬೇಕಾದರೂ ಎಳೆದು ಕೂರಿಸಬಹುದಿತ್ತು. 2021ರ ಅಕ್ಟೋಬರ್ 5ರಂದು ವಿಂಡೋಸ್ 11ರ ಹೊಸ ವಿನ್ಯಾಸ ಬಂತು. ಮೂಲೆಗಳು ದುಂಡಗಾದವು, ಐಕಾನ್‌ಗಳು ನಡುಮಧ್ಯಕ್ಕೆ ಬಂದವು, ಪಟ್ಟಿಗೆ ತಳವೇ ಗತಿಯಾಯಿತು. ಬೀರೂರು ಜಂಕ್ಷನ್ ಬಲ್ಲವರಿಗೆ ಇದು ಅರಗದ ಮಾತು. ಅಲ್ಲಿ ಬೆಂಗಳೂರಿಂದ ಬಂದ ರೈಲು ಎಡಕ್ಕೆ ಹೊರಳಿದರೆ ತರೀಕೆರೆ, ಇನ್ನೊಂದು ಹಳಿ ಹಿಡಿದರೆ ಅಜ್ಜಂಪುರ. ರೈಲಿಗಿರುವ ಆಯ್ಕೆ ಟಾಸ್ಕ್‌ಬಾರಿಗೆ ಬೇಡವೆ?

ಆಗ ಶುರುವಾಯಿತು ಶಸ್ತ್ರಚಿಕಿತ್ಸೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬಚ್ಚಿಡುವ ರಿಜಿಸ್ಟ್ರಿಯ ಆಳದಲ್ಲಿ ‘ಸ್ಟಕ್‌ರೆಕ್ಟ್ಸ್3’ ಎಂಬ ಜಾಗ, ಒಳಗೆಲ್ಲ ಅಂಕಿಗಳ ಕಾಡು. ಎರಡನೇ ಸಾಲಿನ ಐದನೇ ಜೋಡಿಯಲ್ಲಿ ಗುಟ್ಟು: 03 ಎಂದರೆ ಕೆಳಗೆ, 01 ಮೇಲೆ, 00 ಎಡ. ಬೆಂಚಿನ ಮೇಲೆ ಪಹಣಿ ತಿದ್ದುಪಡಿ ಅರ್ಜಿಗೆ ಕಾದು ಕೂತ ಗೌಡರು. “ಆಯ್ತೇನಪ್ಪಾ?” “ಇರಿ ಗೌಡ್ರೇ, ಒಂದ್ನಿಮ್ಷ.” ತೋರುಬೆರಳು ಮೂರನ್ನು ಅಳಿಸುತ್ತದೆ. ಉಸಿರು ನಿಲ್ಲುತ್ತದೆ. ಸೊನ್ನೆ ಒತ್ತುತ್ತದೆ. ಒತ್ತಿದ್ದು ಐದನೇ ಜೋಡಿಯನ್ನೋ ನಾಲ್ಕನೆಯದನ್ನೋ? ಕನ್ನಡಕ ಏರಿಸಿ, ಬೆರಳಿಟ್ಟು, ಮೊದಲಿಂದ ಎಣಿಕೆ. ಗೌಡರೂ ಎದ್ದು ಬಂದು ಎಣಿಸುತ್ತಾರೆ. ಅವರ ಲೆಕ್ಕಕ್ಕೆ ಆರು ಬರುತ್ತದೆ. ಕೊನೆಗೆ ಎಕ್ಸ್‌ಪ್ಲೋರರ್ ಅನ್ನು ಕೊಂದು ಮತ್ತೆ ಎಬ್ಬಿಸಬೇಕು. ಪರದೆಯ ಸಾಮಾನೆಲ್ಲ ಮಾಯ. “ನನ್ ಅರ್ಜಿ?” ಎನ್ನುತ್ತಾರೆ ಗೌಡರು. ಉತ್ತರ ಕೊಡುವ ಸ್ಥಿತಿಯಲ್ಲಿ ಯಾರೂ ಇಲ್ಲ.

ಫಲ? 01 ಎಂದರೆ ಪಟ್ಟಿ ಮೇಲೇರುತ್ತಿತ್ತು. ಎಡಕ್ಕೆ ಕಳಿಸಿದರೆ ಕೆಲಸಕ್ಕೆ ಬಾರದ ಹಾಗಾಗುತ್ತಿತ್ತು. 2022ರ ದೊಡ್ಡ ಅಪ್‌ಡೇಟ್ ಆ ಕಳ್ಳದಾರಿಯನ್ನೂ ಮುಚ್ಚಿತು.

“ಆಟೋ ಹೈಡ್ ಮಾಡ್ಕೊಳ್ಳಿ ಅಂಕಲ್” ಎನ್ನುವ ಹುಡುಗರಿದ್ದಾರೆ. ಬೇಡದ್ದನ್ನು ಬಚ್ಚಿಡು ಎನ್ನುವವರಿಗೆ ಬೇಕಾದ್ದನ್ನು ಬೇಕಾದಲ್ಲಿ ಇಟ್ಟುಕೊಳ್ಳುವ ಸುಖ ಏನು ಗೊತ್ತು! ಲಿನಕ್ಸ್‌ಗೆ ಹೋಗಿ ಎನ್ನುವವರೂ ಉಂಟು. ನಿಜ, ಕೆಡಿಇ ಪ್ಲಾಸ್ಮಾದಲ್ಲಿ ಪಟ್ಟಿಯನ್ನು ಯಾವ ಅಂಚಿಗಾದರೂ ಇಡಬಹುದು. ಆದರೆ ಕನ್ನಡ ಗಣಕ ಪರಿಷತ್ತಿನ ‘ನುಡಿ’, ಓಬೀರಾಯನ ಕಾಲದ ಪೇಜ್‌ಮೇಕರ್, ಹಳೇ ಲಗ್ನಪತ್ರಿಕೆಗಳ ಕಡತ ಎಲ್ಲವೂ ವಿಂಡೋಸಿನಲ್ಲಿ. ಪಟ್ಟಿಯನ್ನು ಎಳೆಯಲು ಬಿಡುತ್ತಿದ್ದ ವಿಂಡೋಸ್ 10ಕ್ಕೋ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತಿತು. ದಿನವಿಡೀ ಆ ಪರದೆಯ ಮುಂದೆ ಕೂತು ಹೊಟ್ಟೆ ಹೊರೆಯುವವರನ್ನು ವಿನ್ಯಾಸ ಬದಲಿಸುವಾಗ ಒಂದು ಮಾತು ಕೇಳಿದವರಿಲ್ಲ. ನಗು ನಿಲ್ಲುವುದು ಇಲ್ಲೇ.

ಹಾಗಂತ ಕೇಳಿದ್ದು ಸಿಗುವುದೇ ಇಲ್ಲ ಎಂದಲ್ಲ. 2012ರ ವಿಂಡೋಸ್ 8 ಸ್ಟಾರ್ಟ್ ಗುಂಡಿಯನ್ನೇ ನುಂಗಿತ್ತು. ಬೊಬ್ಬೆ ಎದ್ದ ಮೇಲೆ ಮರುವರ್ಷ 8.1ರಲ್ಲಿ ಗುಂಡಿ ವಾಪಸ್ಸಾಯಿತು. ಲಿನಕ್ಸಿನಲ್ಲೂ 2011ರ ಗ್ನೋಮ್ 3 ಡೆಸ್ಕ್‌ಟಾಪ್ ಹಿಡಿಸದೆ ಮುನಿದವರು ಹಳೇ ಗ್ನೋಮ್ 2ನ್ನೇ ಕವಲೊಡೆಸಿ ‘ಮಾಟೆ’ ಕಟ್ಟಿಕೊಂಡರು. ಆದರೆ ಟಾಸ್ಕ್‌ಬಾರ್ ವಿಷಯಕ್ಕೆ 2022ರಲ್ಲಿ ಮೈಕ್ರೋಸಾಫ್ಟ್ ಅಧಿಕಾರಿಯೊಬ್ಬರು ಕೊಟ್ಟ ವಿವರಣೆ, ಸರಿಸಬೇಕೆನ್ನುವವರ ಗುಂಪು ಚಿಕ್ಕದು ಎಂಬುದು. ಅಜ್ಜಂಪುರದವರ ಮುಂದೆ ಈ ವಾದ ನಡೆಯದು. ತರೀಕೆರೆ ತಾಲ್ಲೂಕಿನ ತೆಕ್ಕೆಯಲ್ಲಿದ್ದ ಆ ಚಿಕ್ಕ ಊರು, 2017ರ ರಾಜ್ಯ ಬಜೆಟ್ಟಿನಲ್ಲಿ ಹೊಸ ತಾಲ್ಲೂಕುಗಳ ಪಟ್ಟಿಗೆ ಸೇರಿಯೇ ಬಿಟ್ಟಿತು.

ಅಂದಹಾಗೆ, ಈ ಮೂರು ಊರಲ್ಲಿ ಅರ್ಜಿ ಬರೆಸುವವರಲ್ಲಿ ಒಂದು ವಿನಂತಿ. ಸಹಿ ಹಾಕುವ ಮುಂಚೆ ಪುಟದ ಕೊನೇ ಎರಡು ಸಾಲು ಓದಿಕೊಳ್ಳಿ. ಟೈಪ್ ಮಾಡಿದವರಿಗೆ ಅವು ಕಾಣಿಸಿರಲಿಕ್ಕಿಲ್ಲ.